ಅಪ್ಪನ ಕೈಗೆ ಬ್ಲಾಕ್ ಕೊಡುತ್ತಾರಂತೆ. ಕಳೆದ ಸಲ ಕಿವಿ ಗುಂಯ್ ಎಂದಿದ್ದನ್ನು ಯಾರಿಗೆ ಹೇಳಬೇಕು?

ತೆಂಗಿನಸೀಮೆಯ ಮಗಳು — ಶುಕ್ರವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 63 ವರ್ಷ. ಅರಸೀಕೆರೆ ಕಡೆ ತೋಟ. ಎರಡೂ ಕಿಡ್ನಿ ಕೈಕೊಟ್ಟು ಎಂಟು ತಿಂಗಳಾಯಿತು. ಕುತ್ತಿಗೆಗೆ ಹಾಕಿರುವ ಕ್ಯಾಥೆಟರಿನಲ್ಲೇ ವಾರಕ್ಕೆ ಎರಡು ಸಲ ಡಯಾಲಿಸಿಸ್ ನಡೆಯುತ್ತಿದೆ. ಮುಂದಿನ ಗುರುವಾರ ಡಯಾಲಿಸಿಸ್ ಸೂಜಿ ಹಾಕಲು ಎಡಗೈಯ ಅಪಧಮನಿ, ಅಭಿಧಮನಿಗಳನ್ನು ಜೋಡಿಸಿ ಫಿಸ್ಟುಲಾ ಮಾಡುತ್ತಾರೆ. ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ, ಕಾಲರ್ ಮೂಳೆಯ ಹತ್ತಿರ ಇಂಜೆಕ್ಷನ್ ಕೊಟ್ಟು ಇಡೀ ಕೈಯನ್ನು ಮರಗಟ್ಟಿಸುತ್ತೇವೆ ಎಂದು ಹೇಳಿದ್ದಾರೆ. ಇದಕ್ಕೇ ಬ್ಲಾಕ್ ಎನ್ನುತ್ತಾರಂತೆ.

ನನಗೆ ಭಯವಾಗುವುದಕ್ಕೆ ಕಾರಣವಿದೆ. ಮೂರು ವರ್ಷದ ಹಿಂದೆ ಬೈಕಿನಿಂದ ಬಿದ್ದು ಅಪ್ಪನ ಬಲ ಮುಂಗೈ ಮೂಳೆ ಮುರಿದಿತ್ತು. ಆಗ ಬೇರೆ ಊರಿನ ಒಂದು ಆಸ್ಪತ್ರೆಯಲ್ಲಿ ಇಂಥದೇ ಇಂಜೆಕ್ಷನ್ ಕೊಟ್ಟು ಪ್ಲೇಟ್ ಹಾಕಿದರು. ಸೂಜಿ ತೆಗೆದು ಹತ್ತು ಹದಿನೈದು ನಿಮಿಷಕ್ಕೆ ತುಟಿ ದಪ್ಪಗಾದ ಹಾಗೆ, ಬಾಯಲ್ಲಿ ತಾಮ್ರದ ಕಾಸು ಇಟ್ಟುಕೊಂಡ ಹಾಗೆ, ಕಿವಿಯೊಳಗೆ ಜೀರುಂಡೆ ಕೂಗಿದ ಹಾಗೆ ಆಯಿತಂತೆ. ಮಾತು ತೊದಲಿತಂತೆ. ಅಪ್ಪ ಹೇಳಿಕೊಂಡದ್ದಕ್ಕೆ, "ಹೆದರಿದ್ದೀರಿ, ಅಷ್ಟೇ. ಕಣ್ಣು ಮುಚ್ಚಿ ಮಲಗಿ" ಎಂದರಂತೆ. ಸ್ವಲ್ಪ ಹೊತ್ತಿಗೆ ಸರಿಹೋಯಿತು. ಡಿಸ್ಚಾರ್ಜ್ ಕಾಗದವನ್ನು ಹುಡುಕಿ ತೆಗೆದು ನೋಡಿದೆ. ಈ ಬಗ್ಗೆ ಒಂದಕ್ಷರವೂ ಇಲ್ಲ. ಯಾವ ಔಷಧ, ಎಷ್ಟು ಕೊಟ್ಟರು ಎಂಬುದೂ ಇಲ್ಲ.

ಇದು ಅಲರ್ಜಿಯೇ? ಈ ಸಲ ಬ್ಲಾಕ್ ಬೇಡ ಎನ್ನಬೇಕೇ? ತಿಳಿದವರು ದಯವಿಟ್ಟು ಹೇಳಿ.

ಹುಬ್ಬಳ್ಳಿಯ ಅರಿವಳಿಕೆ ವೈದ್ಯೆ — ಶುಕ್ರವಾರ, ರಾತ್ರಿ 10:45

ತಂಗಿ, ನಿಮ್ಮ ತಂದೆ ಹೇಳಿದ್ದು ಬರೀ ಹೆದರಿಕೆ ಎಂದು ನಾನು ಒಪ್ಪುವುದಿಲ್ಲ. ತುಟಿ, ರುಚಿ, ಕಿವಿ, ತೊದಲು ಎಲ್ಲ ಒಟ್ಟಿಗೆ ಬಂದಿದ್ದರೆ, ಮರಗಟ್ಟಿಸುವ ಔಷಧ ರಕ್ತದಲ್ಲಿ ಏರಿ ಮಿದುಳನ್ನು ಮುಟ್ಟಿತ್ತು ಎಂದೇ ನಾನು ಮೊದಲು ಎಣಿಸುತ್ತೇನೆ. ಅಲರ್ಜಿ ಹೀಗೆ ಬರುವುದಿಲ್ಲ. ಅದು ದದ್ದು, ಊತ, ಉಬ್ಬಸ, ಬಿಪಿ ಕುಸಿತದ ದಾರಿ ಹಿಡಿಯುತ್ತದೆ. ಈಗ ನಾವು ಬಳಸುವ ಮರಗಟ್ಟಿಸುವ ಔಷಧಗಳಾದ ಲಿಗ್ನೊಕೇನ್, ಬುಪಿವಕೇನ್, ರೋಪಿವಕೇನ್‌ಗಳಿಗೆ ನಿಜವಾದ ಅಲರ್ಜಿ ತೀರಾ ವಿರಳ. ಆದ್ದರಿಂದ "ಅಲರ್ಜಿ ಇದೆ" ಎಂದು ಎಲ್ಲೂ ಬರೆಸಬೇಡಿ. ಹಾಗೆ ಬರೆಸಿದರೆ ಮುಂದೆ ಹಲ್ಲು ಕೀಳುವುದಕ್ಕೂ ಪರದಾಡಬೇಕಾಗುತ್ತದೆ.

ಏನು ನಡೆಯುತ್ತದೆ ಎಂದು ಹೇಳುತ್ತೇನೆ. ನರದ ಸುತ್ತ ಸುರಿದ ಔಷಧದಲ್ಲಿ ನರದೊಳಗೆ ಇಳಿಯುವುದು ಸ್ವಲ್ಪವೇ. ಇಳಿದಷ್ಟು ಭಾಗ ನರದ ಸೋಡಿಯಂ ಬಾಗಿಲುಗಳನ್ನು ಒಳಗಿನಿಂದ ಮುಚ್ಚುತ್ತದೆ, ನೋವಿನ ಸುದ್ದಿ ಮುಂದೆ ಹೋಗುವುದಿಲ್ಲ. ಉಳಿದದ್ದು ಸುತ್ತಲಿನ ಕೊಬ್ಬು, ಸ್ನಾಯುಗಳಲ್ಲಿ ಹರಡಿ ಸಣ್ಣ ರಕ್ತನಾಳಗಳ ಮೂಲಕ ರಕ್ತಕ್ಕೆ ಸೇರುತ್ತದೆ. ಸೇರಲೇಬೇಕು, ಬ್ಲಾಕ್ ಇಳಿಯುವುದೇ ಹಾಗೆ. ಎಷ್ಟು ಬೇಗ ಸೇರುತ್ತದೆ ಎಂಬುದರಲ್ಲಿ ಅಪಾಯವಿದೆ. ಕೆರೆಯ ನೀರು ಅಷ್ಟೇ ಇರುತ್ತದೆ. ತೂಬನ್ನು ಎಷ್ಟು ಎತ್ತಿದರು ಎಂಬುದರ ಮೇಲೆ ಕೆಳಗಿನ ಗದ್ದೆ ಉಳಿಯುತ್ತದೆ, ಇಲ್ಲವೇ ಕೊಚ್ಚಿಕೊಂಡು ಹೋಗುತ್ತದೆ. ಮಿದುಳಿನಲ್ಲೂ ಹೃದಯದಲ್ಲೂ ಅದೇ ಸೋಡಿಯಂ ಬಾಗಿಲುಗಳಿವೆ. ರಕ್ತದಲ್ಲಿ ಮಟ್ಟ ಏರಿದರೆ ಅಲ್ಲೂ ಮುಚ್ಚತೊಡಗುತ್ತವೆ.

ನೀವು ಹೇಳಿದ ಹತ್ತು ಹದಿನೈದು ನಿಮಿಷದ ಲೆಕ್ಕ ನನಗೆ ಮುಖ್ಯ. ಸೂಜಿಯ ತುದಿ ನೇರ ರಕ್ತನಾಳದಲ್ಲಿದ್ದರೆ ಔಷಧ ಕೊಡುತ್ತಿರುವಾಗಲೇ, ಹೆಚ್ಚೆಂದರೆ ಒಂದೆರಡು ನಿಮಿಷದಲ್ಲಿ ತೊಂದರೆ ಕಾಣಿಸುತ್ತದೆ. ಕತ್ತಿನ ಭಾಗದ ಅಪಧಮನಿಗೆ ಹೋದರಂತೂ ಅರ್ಧ ಮಿಲಿಲೀಟರಿಗೂ ಫಿಟ್ಸ್ ಬರಬಹುದು. ತಡವಾಗಿ ಬಂದದ್ದು ಸಾಮಾನ್ಯವಾಗಿ ಹೀರಿಕೆಯಿಂದ ಬಂದದ್ದು: ಸೂಜಿ ಸರಿಯಾದ ಜಾಗದಲ್ಲೇ ಇತ್ತು, ಆ ಮೈಗೆ ಪ್ರಮಾಣ ಹೆಚ್ಚಾಯಿತು. ನಿಮ್ಮ ತಂದೆಯ ತೂಕ ಎಷ್ಟು? ಲಿವರ್, ಹೃದಯ ಹೇಗಿವೆ?

ಬ್ಲಾಕ್ ಬೇಡ ಎನ್ನಬೇಡಿ. ನಮ್ಮಂಥವರಿಗೆ ಈ ಕಥೆಯನ್ನು ಇಲ್ಲಿ ಬರೆದ ಹಾಗೆಯೇ, ಜೀರುಂಡೆಯನ್ನೂ ತಾಮ್ರದ ಕಾಸನ್ನೂ ಬಿಡದೆ ಹೇಳಿ.

ತೆಂಗಿನಸೀಮೆಯ ಮಗಳು — ಶುಕ್ರವಾರ, ರಾತ್ರಿ 11:05

ಮೇಡಂ, ಓದುತ್ತಾ ಕಣ್ಣು ತುಂಬಿ ಬಂತು. ಮೂರು ವರ್ಷದಿಂದ ಅಪ್ಪ ಇದನ್ನು ಹೇಳಿದಾಗಲೆಲ್ಲ ನಾವೇ "ಹೆದರಿದ್ದಿರಿ ಬಿಡಿ" ಎನ್ನುತ್ತಿದ್ದೆವು. ಡಯಾಲಿಸಿಸ್ಸಿಗೆ ಬರುವ ದಿನ 49 ಕೆ.ಜಿ. ಇರುತ್ತಾರೆ. ಡ್ರೈ ವೇಟ್, ಅಂದರೆ ಹೆಚ್ಚಿನ ನೀರು ತೆಗೆದ ಮೇಲಿನ ತೂಕ, 46 ಎಂದು ಪುಸ್ತಕದಲ್ಲಿ ಬರೆದಿದ್ದಾರೆ. ಲಿವರ್ ಸರಿಯಿದೆ. ಹೃದಯದ ಎಕೋ ಮಾಡಿಸಿದ್ದೇವೆ, ಪಂಪ್ ಸ್ವಲ್ಪ ಕಡಿಮೆ ಎಂದಿದ್ದಾರೆ.

ಪಿಜಿ ಎರಡನೇ ವರ್ಷ — ಶನಿವಾರ, ಬೆಳಿಗ್ಗೆ 6:20

ಮೇಡಂ, ಇದೇ ಎಳೆಯಲ್ಲಿ ಒಂದು ಪ್ರಶ್ನೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನಾವು ಬಾಯಿಪಾಠ ಮಾಡಿರುವುದು ಇಷ್ಟು: ಬುಪಿವಕೇನ್ ಕಿಲೋಗೆ 2 ಮಿಲಿಗ್ರಾಂ, ರೋಪಿವಕೇನ್ 3, ಬರೀ ಲಿಗ್ನೊಕೇನ್ 4.5, ರಕ್ತನಾಳ ಕುಗ್ಗಿಸಿ ಹೀರಿಕೆಯನ್ನು ನಿಧಾನಿಸುವ ಅಡ್ರಿನಲಿನ್ ಸೇರಿದ ಲಿಗ್ನೊಕೇನ್ 7. ಬೇಗ ಹಿಡಿಯಲಿ ಎಂದು ಲಿಗ್ನೊಕೇನನ್ನೂ, ಬಹಳ ಹೊತ್ತು ಉಳಿಯಲಿ ಎಂದು ಬುಪಿವಕೇನನ್ನೂ ಬೆರೆಸುವುದನ್ನು ದಿನವೂ ನೋಡುತ್ತೇನೆ. ಎರಡೂ ತಮ್ಮ ತಮ್ಮ ಮಿತಿಯೊಳಗಿದ್ದರೆ ಸಾಕಲ್ಲವೇ?

ಹುಬ್ಬಳ್ಳಿಯ ಅರಿವಳಿಕೆ ವೈದ್ಯೆ — ಶನಿವಾರ, ಬೆಳಿಗ್ಗೆ 7:30

ಸಾಲದು. ಈ ಮಾತನ್ನು ಥಿಯೇಟರಿನ ಗೋಡೆಗೆ ಬರೆದು ಅಂಟಿಸಬೇಕು ಎನಿಸುತ್ತದೆ ನನಗೆ. ವಿಷಪ್ರಭಾವದ ವಿಷಯದಲ್ಲಿ ಎರಡು ಔಷಧಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಈ ಅಪ್ಪನನ್ನೇ ತೆಗೆದುಕೊಳ್ಳೋಣ. ತೂಕ 49 ಅಲ್ಲ, 46. ಮೈಯಲ್ಲಿ ನಿಂತ ಮೂರು ಲೀಟರ್ ನೀರಿಗೆ ಔಷಧ ಕೊಡುವ ಅಗತ್ಯವಿಲ್ಲ. ಬುಪಿವಕೇನ್ ಮಿತಿ 92 ಮಿ.ಗ್ರಾಂ. ಅರ್ಧ ಪರ್ಸೆಂಟ್ ಎಂದರೆ ಮಿಲಿಲೀಟರಿಗೆ 5 ಮಿ.ಗ್ರಾಂ., ಹಾಗಾಗಿ 18 ಮಿ.ಲೀ. ದಾಟಿದ ಕೂಡಲೇ ಮಿತಿ ಮುಗಿಯುತ್ತದೆ. ಅಡ್ರಿನಲಿನ್ ಇರುವ ಲಿಗ್ನೊಕೇನ್ ಮಿತಿ 322 ಮಿ.ಗ್ರಾಂ. ಎರಡು ಪರ್ಸೆಂಟಿನದು ಮಿಲಿಲೀಟರಿಗೆ 20 ಮಿ.ಗ್ರಾಂ. ಈಗ ನೀವು ದಿನವೂ ನೋಡುವ ಬೆರಕೆ: ಲಿಗ್ನೊಕೇನ್ 10 ಮಿ.ಲೀ., ಬುಪಿವಕೇನ್ 15 ಮಿ.ಲೀ. ಮೊದಲನೆಯದು 200 ಮಿ.ಗ್ರಾಂ., ಅಂದರೆ ಅದರ ಮಿತಿಯ ಶೇಕಡಾ 62. ಎರಡನೆಯದು 75 ಮಿ.ಗ್ರಾಂ., ಅದರ ಮಿತಿಯ ಶೇಕಡಾ 81. ಒಂದೊಂದಾಗಿ ನೋಡಿದರೆ ಎರಡೂ ನಿರಪಾಯ. ಕೂಡಿಸಿದರೆ ಶೇಕಡಾ 143. ಇಷ್ಟೇ ಅಲ್ಲ, ಲಿಗ್ನೊಕೇನ್ ಬಾಟಲಿಯಲ್ಲಿದ್ದ ಅಡ್ರಿನಲಿನ್ ಮಿಲಿಲೀಟರಿಗೆ 5 ಮೈಕ್ರೊಗ್ರಾಂ ಇದ್ದದ್ದು ಬೆರೆತ ಮೇಲೆ 2ಕ್ಕೆ ಇಳಿಯಿತು. ಯಾವ ಅಡ್ರಿನಲಿನ್ ನಂಬಿ 7ರ ಲೆಕ್ಕ ಹಾಕಿದಿರೋ ಅದೇ ತೆಳುವಾಯಿತು.

ಆ ಕಿಲೋಗಿಷ್ಟು ಎಂಬ ಅಂಕಿಗೂ ಒಂದು ಮಿತಿಯಿದೆ. ಅದು ಮೈಯ ಯಾವ ಜಾಗಕ್ಕೆ ಕೊಡುತ್ತೀರಿ ಎಂದು ಕೇಳುವುದೇ ಇಲ್ಲ. ಪಕ್ಕೆಲುಬುಗಳ ನಡುವಿನ ನರಗಳಿಗೆ ಕೊಟ್ಟರೆ ಔಷಧ ಅತಿ ಬೇಗ ರಕ್ತಕ್ಕೆ ಸೇರುತ್ತದೆ. ಅಲ್ಲಿ ಪ್ರತಿ ನರದ ಜೊತೆಗೇ ರಕ್ತನಾಳ ಓಡುತ್ತದೆ, ಮೇಲಾಗಿ ನಾವು ನಾಲ್ಕೈದು ಕಡೆ ಚುಚ್ಚುತ್ತೇವೆ. ಅದಕ್ಕಿಂತ ನಿಧಾನ ಎಪಿಡ್ಯೂರಲ್ (ಬೆನ್ನುಹುರಿಯ ಪೊರೆಯ ಹೊರಗೆ ಕೊಡುವುದು), ಆಮೇಲೆ ಕೈಯ ನರಗುಚ್ಛ, ಆಮೇಲೆ ತೊಡೆ ಮತ್ತು ಕಾಲಿನ ನರಗಳು. ಚರ್ಮದ ಅಡಿಗೆ ಕೊಟ್ಟದ್ದು ಎಲ್ಲಕ್ಕಿಂತ ನಿಧಾನ. ಅದೇ ಔಷಧ, ಅದೇ ಪ್ರಮಾಣ, ಅದೇ ಮನುಷ್ಯ. ಪಕ್ಕೆಯಲ್ಲಿ ಕೊಟ್ಟಾಗ ರಕ್ತದಲ್ಲಿ ಏರುವ ಮಟ್ಟ ಕಾಲಿಗೆ ಕೊಟ್ಟಾಗಿನದಕ್ಕಿಂತ ಎಷ್ಟೋ ಹೆಚ್ಚು. ಹೀಗಿರುವಾಗ ಒಂದೇ ಅಂಕಿಯನ್ನು ಎಲ್ಲ ಬ್ಲಾಕ್‌ಗಳಿಗೂ ಹಚ್ಚುವುದು ಸರಿಯೇ? ಪರೀಕ್ಷೆಯಲ್ಲಿ ಅಂಕಿ ಬರೆಯಿರಿ, ಥಿಯೇಟರಿನಲ್ಲಿ ಜಾಗ ನೋಡಿ, ಮೈ ನೋಡಿ.

ಕಲಬುರಗಿ ಕಡೆಯ ತಾಲ್ಲೂಕು ವೈದ್ಯ — ಶನಿವಾರ, ಮಧ್ಯಾಹ್ನ 2:15

ಕಿಡ್ನಿ ರೋಗಿಯ ಬಗ್ಗೆ ಇನ್ನಷ್ಟು ಹೇಳಬೇಕು. ಈ ಔಷಧಗಳನ್ನು ಕರಗಿಸುವುದು ಲಿವರ್, ಕಿಡ್ನಿಯಲ್ಲ. ಆದ್ದರಿಂದ "ಕಿಡ್ನಿ ಹೋದರೇನು, ಲಿವರ್ ಇದೆಯಲ್ಲ" ಎನ್ನುವವರಿದ್ದಾರೆ. ಆದರೆ ಇವರಲ್ಲಿ ರಕ್ತ ಕಡಿಮೆಯಿದ್ದು ಹೃದಯ ಜೋರಾಗಿ ಓಡುತ್ತಿರುತ್ತದೆ, ರಕ್ತದ ಹರಿವು ಹೆಚ್ಚಿರುತ್ತದೆ. ಹರಿವು ಹೆಚ್ಚಿದ್ದ ಕಡೆ ಹೀರಿಕೆಯೂ ಬೇಗ. ಮೈಯಲ್ಲಿ ಆಮ್ಲ ಏರಿದ್ದರೆ ಫಿಟ್ಸ್ ಬೇಗ ಬರುತ್ತದೆ. ಪೊಟ್ಯಾಸಿಯಂ ಏರಿದ್ದರೆ ಬುಪಿವಕೇನ್ ಹೃದಯವನ್ನು ಇನ್ನಷ್ಟು ಸುಲಭವಾಗಿ ಹಿಡಿಯುತ್ತದೆ. ಒಂದು ಸಮಾಧಾನವೂ ಇದೆ. ಔಷಧವನ್ನು ಹಿಡಿದಿಟ್ಟುಕೊಳ್ಳುವ ಆಲ್ಫಾ-1 ಆಸಿಡ್ ಗ್ಲೈಕೊಪ್ರೋಟೀನ್ ಎಂಬ ರಕ್ತದ ಪ್ರೋಟೀನು ಇವರಲ್ಲಿ ಹೆಚ್ಚಿರುತ್ತದೆ. ಬಿಡಿಯಾಗಿ ಓಡಾಡುವ ಔಷಧವೇ ತೊಂದರೆ ಕೊಡುವುದು, ಹಿಡಿದಿಟ್ಟದ್ದಲ್ಲ. ಎಳೆಗೂಸುಗಳಲ್ಲಿ ಈ ಪ್ರೋಟೀನು ಕಡಿಮೆ, ಅದಕ್ಕೇ ಅವುಗಳಿಗೆ ಅಷ್ಟು ಜಾಗ್ರತೆ.

ತಂಗಿ, ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಡಯಾಲಿಸಿಸ್ ಆಗುವಂತೆ ನೋಡಿಕೊಳ್ಳಿ. ಪೊಟ್ಯಾಸಿಯಂ ವರದಿ ಜೊತೆಯಲ್ಲಿರಲಿ.

ಗ್ಲಾಸ್ಗೋ ಕನ್ನಡಿಗ — ಶನಿವಾರ, ರಾತ್ರಿ 8:40

ನಾನೂ ಅರಿವಳಿಕೆಯವನೇ, ಇಲ್ಲಿ ಹನ್ನೊಂದು ವರ್ಷವಾಯಿತು. ಬ್ಲಾಕ್ ಬೇಡ ಎನ್ನುವ ಮೊದಲು ಇದನ್ನು ಕೇಳಿ. ಇದೇ ಊರಿನಲ್ಲಿ 126 ಫಿಸ್ಟುಲಾ ರೋಗಿಗಳ ಮೇಲೆ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಮೂರು ತಿಂಗಳ ಮೇಲೆ ನೋಡಿದಾಗ, ಚರ್ಮಕ್ಕಷ್ಟೇ ಮರಗಟ್ಟಿಸಿ ಮಾಡಿದವರಲ್ಲಿ ಶೇಕಡಾ 62ರಷ್ಟು ಫಿಸ್ಟುಲಾಗಳು ತೆರೆದಿದ್ದವು. ಕೈಯ ನರಗುಚ್ಛಕ್ಕೆ ಬ್ಲಾಕ್ ಕೊಟ್ಟವರಲ್ಲಿ ಶೇಕಡಾ 84. ಬ್ಲಾಕ್ ಹಿಡಿದ ಕೈಯಲ್ಲಿ ರಕ್ತನಾಳಗಳು ಹಿಗ್ಗುತ್ತವೆ, ಹರಿವು ಚೆನ್ನಾಗಿರುತ್ತದೆ. ಡಯಾಲಿಸಿಸ್ ನಂಬಿ ಬದುಕುವವರಿಗೆ ಇದು ಸಣ್ಣ ಲಾಭವಲ್ಲ.

ಹಾಗೆಯೇ ಅಲ್ಟ್ರಾಸೌಂಡ್ ನೋಡಿಕೊಂಡು ಕೊಡುತ್ತಾರೆಯೇ ಎಂದು ಕೇಳಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ 25,336 ಬ್ಲಾಕ್‌ಗಳ ದಾಖಲೆ 2013ರಲ್ಲಿ ಹೊರಬಂತು. ಅಷ್ಟರಲ್ಲಿ ವಿಷಪ್ರಭಾವ ಕಂಡದ್ದು 22 ಸಲ. ಅಲ್ಟ್ರಾಸೌಂಡ್ ಬಳಸಿದ ಕಡೆ ಅಪಾಯ ಅರ್ಧಕ್ಕಿಂತಲೂ ಕಡಿಮೆ. ಸೂಜಿಯ ತುದಿ ಎಲ್ಲಿದೆ, ಔಷಧ ಎಲ್ಲಿ ಹರಡಿತು ಎಂದು ಕಣ್ಣಿಗೆ ಕಾಣುವುದರಿಂದ 35–40 ಮಿ.ಲೀ. ಸುರಿಯುತ್ತಿದ್ದ ಕಡೆ 20 ಸಾಕಾಗುತ್ತದೆ. ಅಲ್ಟ್ರಾಸೌಂಡ್ ಇಲ್ಲದೆ ಕಾಲರ್ ಮೂಳೆಯ ಮೇಲೆ ಸೂಜಿ ಹಾಕುವುದನ್ನು ಈಗಲೂ ಒಪ್ಪುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಕಲಬುರಗಿ ಕಡೆಯ ತಾಲ್ಲೂಕು ವೈದ್ಯ — ಶನಿವಾರ, ರಾತ್ರಿ 9:25

ಸರ್, ನಿಮ್ಮ ಬೇಸರ ಅರ್ಥವಾಗುತ್ತದೆ. ನಮ್ಮಲ್ಲಿ ಆ ಯಂತ್ರ ಬಂದು ಎರಡು ವರ್ಷವೂ ಆಗಿಲ್ಲ. ಅದಕ್ಕೆ ಮುಂಚೆ ಹದಿನಾಲ್ಕು ವರ್ಷ ನರ ಹುಡುಕುವ ಸ್ಟಿಮ್ಯುಲೇಟರ್ ಹಿಡಿದು ಬ್ಲಾಕ್ ಕೊಟ್ಟಿದ್ದೇನೆ. ರಾತ್ರಿ ಹನ್ನೊಂದಕ್ಕೆ ಮೇವು ಕತ್ತರಿಸುವ ಯಂತ್ರಕ್ಕೆ ಕೈ ಕೊಟ್ಟ ಮನುಷ್ಯ ಹೊಟ್ಟೆ ತುಂಬ ಉಂಡು ಬಂದಿರುತ್ತಾನೆ. ಪ್ರಜ್ಞೆ ತಪ್ಪಿಸಿದರೆ ವಾಂತಿ ಶ್ವಾಸಕೋಶಕ್ಕೆ ಹೋಗುವ ಭಯ. ಯಂತ್ರವಿಲ್ಲ ಎಂದು ಅವನನ್ನು ಎಪ್ಪತ್ತು ಕಿಲೋಮೀಟರ್ ಕಳಿಸಬೇಕಿತ್ತೇ?

ಯಂತ್ರವಿಲ್ಲದ ದಿನಗಳಲ್ಲಿ ನನ್ನ ಕೈಹಿಡಿದದ್ದು ನಿಧಾನ. ಒಂದು ಸಲಕ್ಕೆ ಮೂರು ನಾಲ್ಕು ಮಿಲಿಲೀಟರ್, ಅದಕ್ಕಿಂತ ಹೆಚ್ಚಿಲ್ಲ. ಪ್ರತಿ ಸಲವೂ ಮೊದಲು ಸಿರಿಂಜ್ ಎಳೆದು ರಕ್ತ ಬರುತ್ತದೆಯೇ ಎಂದು ನೋಡುವುದು. ಕೊಟ್ಟ ಮೇಲೆ ಅರ್ಧ ನಿಮಿಷವಾದರೂ ಕೈ ಕಟ್ಟಿ ನಿಲ್ಲುವುದು. ಆ ಅರ್ಧ ನಿಮಿಷದಲ್ಲಿ ರೋಗಿಯನ್ನು ಮಾತಾಡಿಸುವುದು: ಎಷ್ಟು ಎಕರೆ ತೊಗರಿ, ಈ ಸಲ ಮಳೆ ಹೇಗೆ. ತೊಗರಿಯ ಲೆಕ್ಕ ಹೇಳುತ್ತಿದ್ದವನು ನಡುವೆ ತಡವರಿಸಿದರೆ ಸೂಜಿ ಹೊರಗೆ. ಮಾನಿಟರಿಗಿಂತ ಮೊದಲು ಅವನ ನಾಲಗೆ ನನಗೆ ಸುದ್ದಿ ಕೊಟ್ಟಿದೆ.

ಗ್ಲಾಸ್ಗೋ ಕನ್ನಡಿಗ — ಶನಿವಾರ, ರಾತ್ರಿ 10:02

ನಿಮ್ಮ ಮಾತು ಒಪ್ಪಿದೆ, ಸರ್. ಇಲ್ಲಿ ಕುಳಿತು ಹಾಗೆ ಬರೆಯಬಾರದಿತ್ತು. ನೀವು ಹೇಳಿದ ನಿಧಾನ ಯಂತ್ರವಿದ್ದವರಿಗೂ ಬೇಕು. ಪರದೆಯಲ್ಲಿ ಸೂಜಿಯ ತುದಿ ತಪ್ಪಿ ಹೋಗುವುದು ನಮಗೂ ಗೊತ್ತು. ಯಂತ್ರ ಒತ್ತಿ ಹಿಡಿದಾಗ ಅಭಿಧಮನಿ ಚಪ್ಪಟೆಯಾಗಿ ಕಣ್ಣಿಗೇ ಬೀಳುವುದಿಲ್ಲ.

ಥಿಯೇಟರ್ ಸಿಸ್ಟರ್ — ಭಾನುವಾರ, ಬೆಳಿಗ್ಗೆ 11:30

ವೈದ್ಯರು ಮಾತ್ರ ಮಾತಾಡುತ್ತಿದ್ದೀರಿ, ನನ್ನದೂ ಒಂದಿರಲಿ. ಹತ್ತೊಂಬತ್ತು ವರ್ಷದಿಂದ ಥಿಯೇಟರಿನಲ್ಲಿದ್ದೇನೆ. ಹಿಂದೆ ನಾನಿದ್ದ ಒಂದು ಕಡೆ ಟ್ರೇಯಲ್ಲಿ ಎರಡು 20 ಮಿ.ಲೀ. ಸಿರಿಂಜ್, ಎರಡರಲ್ಲೂ ನೀರಿನಂಥ ದ್ರವ. ಒಂದರಲ್ಲಿ ಬುಪಿವಕೇನ್, ಇನ್ನೊಂದರಲ್ಲಿ ಸಲೈನ್. ಲೇಬಲ್ ಇರಲಿಲ್ಲ. ಡ್ರಿಪ್ ಲೈನನ್ನು ತೊಳೆಯಲು ನಾನು ಕೈ ಹಾಕಿದ್ದು ಬುಪಿವಕೇನಿಗೆ. ಲೈನಿಗೆ ಜೋಡಿಸಿಯೂ ಆಗಿತ್ತು. ಅಷ್ಟರಲ್ಲಿ ವೈದ್ಯರು "ಸಿಸ್ಟರ್, ಬ್ಲಾಕ್ ಸಿರಿಂಜ್ ಕೊಡಿ" ಎಂದರು. ಟ್ರೇಯಲ್ಲಿ ಉಳಿದಿದ್ದನ್ನು ಎತ್ತಿ ಮೂಸಿ ನೋಡಿದೆ, ಏನು ವಾಸನೆ ಬರಬೇಕು! ಎರಡನ್ನೂ ಚೆಲ್ಲಿ ಹೊಸದಾಗಿ ತುಂಬಿದೆವು. ಆವತ್ತು ನಡುಗಿದ ಕೈ ರಾತ್ರಿಯವರೆಗೂ ನಿಲ್ಲಲಿಲ್ಲ. ಹೀರಿಕೆಯ ವೇಗ ಅದು ಇದು ಎಂದು ನೀವು ಹೇಳುತ್ತೀರಿ. ಪೂರ್ತಿ ಸಿರಿಂಜ್ ನೇರ ರಕ್ತಕ್ಕೆ ಹೋಗಿದ್ದರೆ?

ಅಂದಿನಿಂದ ನಾನು ತುಂಬಿದ ಪ್ರತಿ ಸಿರಿಂಜಿಗೂ ಔಷಧದ ಹೆಸರು, ಪರ್ಸೆಂಟ್, ಸಮಯ ಬರೆದು ಅಂಟಿಸುತ್ತೇನೆ. ಬ್ಲಾಕ್ ಔಷಧದ ಟ್ರೇ ಬೇರೆ, ಡ್ರಿಪ್ಪಿನ ಟ್ರೇ ಬೇರೆ. ಹೊಸದಾಗಿ ಬರುವ ಹುಡುಗಿಯರಿಗೆ ಮೊದಲ ದಿನವೇ ಇದನ್ನು ಹೇಳಿಕೊಡುತ್ತೇನೆ.

ಇನ್ನೊಂದು ಕೇಳಬೇಕಿತ್ತು. ರೋಗಿ ಹೆದರಿದ್ದರೆ ಮಿಡಜೋಲಾಮ್ ಕೊಟ್ಟು ಮಲಗಿಸಿಬಿಡುತ್ತಾರೆ. ಆಗ ಕಿವಿ ಗುಂಯ್ ಎಂದದ್ದು ಯಾರು ಹೇಳಬೇಕು?

ಹುಬ್ಬಳ್ಳಿಯ ಅರಿವಳಿಕೆ ವೈದ್ಯೆ — ಭಾನುವಾರ, ಮಧ್ಯಾಹ್ನ 12:50

ಸಿಸ್ಟರ್, ನೀವು ಇದನ್ನು ಬರೆದದ್ದಕ್ಕೆ ಧನ್ಯವಾದ.

ಮಿಡಜೋಲಾಮ್ ವಿಷಯದಲ್ಲಿ ನಮ್ಮಲ್ಲೇ ಎರಡು ಮತ. ಅದು ಫಿಟ್ಸ್ ಬರುವುದನ್ನು ತಡೆಯುತ್ತದೆ, ನಿಜ. ಆದರೆ ಮೊದಲ ಸೂಚನೆಗಳನ್ನೂ ನುಂಗಿಬಿಡುತ್ತದೆ. ನಾನು ಹೆದರಿಕೆ ಇಳಿಯುವಷ್ಟೇ ಕೊಡುತ್ತೇನೆ, ಕರೆದರೆ ಓಗೊಡುವ ಹಾಗಿರಬೇಕು. ಇಷ್ಟಾಗಿಯೂ ಸೂಚನೆಗಳನ್ನೇ ನಂಬಿ ಕೂರುವ ಹಾಗಿಲ್ಲ. ಬುಪಿವಕೇನ್ ಕೆಲವೊಮ್ಮೆ ತುಟಿ, ಕಿವಿ, ಫಿಟ್ಸ್ ಯಾವುದನ್ನೂ ತೋರಿಸದೆ ನೇರ ಹೃದಯಕ್ಕೇ ಕೈ ಹಾಕುತ್ತದೆ. ಲಿಗ್ನೊಕೇನ್ ಹೃದಯದ ಸೋಡಿಯಂ ಬಾಗಿಲನ್ನು ಹಿಡಿದು ಬೇಗ ಬಿಡುತ್ತದೆ. ಬುಪಿವಕೇನ್ ಬೇಗ ಹಿಡಿಯುತ್ತದೆ, ಎರಡು ಬಡಿತಗಳ ನಡುವೆ ಬಿಡುವುದಿಲ್ಲ. 1979ರಲ್ಲಿ ಅಮೆರಿಕದ ಜಾರ್ಜ್ ಆಲ್ಬ್ರೈಟ್ ಎಂಬ ವೈದ್ಯರು ಬುಪಿವಕೇನ್, ಎಟಿಡೊಕೇನ್ ಕೊಟ್ಟೊಡನೆ ಹೃದಯ ನಿಂತ ಪ್ರಕರಣಗಳ ಬಗ್ಗೆ ಬರೆದ ಸಂಪಾದಕೀಯದಿಂದಲೇ ಜಗತ್ತು ಎಚ್ಚೆತ್ತದ್ದು. ಮುಂದೆ ಅಲ್ಲಿ ಹೆರಿಗೆಯ ಎಪಿಡ್ಯೂರಲ್‌ಗೆ 0.75 ಪರ್ಸೆಂಟಿನ ಬುಪಿವಕೇನ್ ಬಳಕೆಯನ್ನು ನಿಲ್ಲಿಸಿದರು. ರೋಪಿವಕೇನ್ ಹುಟ್ಟಿದ್ದಕ್ಕೂ ಈ ಸಾವುಗಳೇ ಹಿನ್ನೆಲೆ.

ಎರಡು ಮಕ್ಕಳ ತಾಯಿ, ಶಿರಸಿ — ಭಾನುವಾರ, ಮಧ್ಯಾಹ್ನ 3:05

ನನಗೆ ಎರಡೂ ಸಿಸೇರಿಯನ್. ಬೆನ್ನಿಗೆ ಕೊಟ್ಟದ್ದು ಇದೇ ಬುಪಿವಕೇನ್ ಎಂದು ನೆನಪು. ಅದೂ ಇಷ್ಟು ಅಪಾಯವೇ?

ಪಿಜಿ ಎರಡನೇ ವರ್ಷ — ಭಾನುವಾರ, ಮಧ್ಯಾಹ್ನ 3:40

ಅಕ್ಕ, ಔಷಧ ಅದೇ. ಆದರೆ ಬೆನ್ನುಹುರಿಯ ನೀರಿಗೆ ಕೊಡುವುದು ಎರಡು ಮಿಲಿಲೀಟರಿನ ಆಸುಪಾಸು, ಸುಮಾರು 10 ಮಿ.ಗ್ರಾಂ. ಅದೆಲ್ಲ ರಕ್ತಕ್ಕೆ ಸೇರಿದರೂ ಈ ಬಗೆಯ ತೊಂದರೆಗೆ ಸಾಲದು. ಅಲ್ಲಿ ಬಿಪಿ ಇಳಿಯುವುದೇ ಮುಖ್ಯ ಚಿಂತೆ.

ಉಡುಪಿಯ ದಂತವೈದ್ಯೆ — ಭಾನುವಾರ, ಸಂಜೆ 6:15

ನಮ್ಮ ಕುರ್ಚಿಯಲ್ಲೂ ಇದೇ ಲೆಕ್ಕ ಬೇಕು. 15 ಕೆ.ಜಿ. ಮಗುವಿಗೆ ಬಾಯಿಯ ನಾಲ್ಕೂ ಮೂಲೆಗೆ ಒಂದೇ ದಿನ ಇಂಜೆಕ್ಷನ್ ಕೊಡುವ ಆಸೆ ಬೇಡ. ಎರಡು ಪರ್ಸೆಂಟ್ ಲಿಗ್ನೊಕೇನಿನ ಒಂದು 1.8 ಮಿ.ಲೀ. ಕಾರ್ಟ್ರಿಜ್‌ನಲ್ಲಿ 36 ಮಿ.ಗ್ರಾಂ. ಇದೆ. ನಾನು ಈ ಗುಣಾಕಾರವನ್ನು ಪ್ರತಿ ಮಗುವಿನ ಕಾರ್ಡಿನ ಮೇಲೆ ಪೆನ್ಸಿಲಿನಲ್ಲಿ ಬರೆದೇ ಸಿರಿಂಜ್ ಎತ್ತುವುದು.

ಪಿಜಿ ಎರಡನೇ ವರ್ಷ — ಭಾನುವಾರ, ರಾತ್ರಿ 8:00

ಎಲ್ಲ ಎಚ್ಚರ ವಹಿಸಿಯೂ ಹೃದಯ ನಿಂತರೆ? ಲಿಪಿಡ್ ಕೊಡಬೇಕು ಎಂದು ಓದಿದ್ದೇನೆ, ಕಣ್ಣಾರೆ ನೋಡಿಲ್ಲ.

ಗ್ಲಾಸ್ಗೋ ಕನ್ನಡಿಗ — ಭಾನುವಾರ, ರಾತ್ರಿ 9:50

ನಾನು ಒಮ್ಮೆ ನೋಡಿದ್ದೇನೆ, ಬಳಸಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಲಿಪಿಡ್ ಎಮಲ್ಷನ್ ಎಂದರೆ ಸೋಯಾ ಎಣ್ಣೆಯ ಹಾಲಿನಂಥ ದ್ರಾವಣ. ಬಾಯಲ್ಲಿ ಉಣ್ಣಲಾಗದವರಿಗೆ ರಕ್ತನಾಳದ ಮೂಲಕ ಪೋಷಣೆ ಕೊಡಲು 1960ರ ದಶಕದಿಂದ ಇದೆ. ಇದು ಈ ವಿಷಕ್ಕೆ ಮದ್ದಾದೀತು ಎಂದು ಯಾರೂ ಹುಡುಕಿಕೊಂಡು ಹೋದದ್ದಲ್ಲ. ಅಮೆರಿಕದ ಗೈ ವೈನ್‌ಬರ್ಗ್ ಎಂಬ ಅರಿವಳಿಕೆ ವೈದ್ಯರು, ಕೊಬ್ಬನ್ನು ಉರಿಸಲು ಮೈಗೆ ಬೇಕಾದ ಕಾರ್ನಿಟೈನ್ ಎಂಬ ವಸ್ತುವಿನ ಕೊರತೆಯಿದ್ದ ಒಬ್ಬ ರೋಗಿಗೆ ಕೇವಲ 22 ಮಿ.ಗ್ರಾಂ. ಬುಪಿವಕೇನಿಗೆ ಹೃದಯದ ತಾಳ ತಪ್ಪಿದ್ದನ್ನು ಕಂಡರು. ಕೊಬ್ಬನ್ನು ಇಂಧನವಾಗಿ ಬಳಸುವುದರಲ್ಲಿನ ತೊಡಕಿಗೂ ಇದಕ್ಕೂ ಸಂಬಂಧವಿರಬೇಕು, ಹಾಗಾದರೆ ಕೊಬ್ಬು ಕೊಟ್ಟರೆ ವಿಷ ಹೆಚ್ಚಬೇಕು ಎಂದು ಎಣಿಸಿ ಇಲಿಗಳ ಮೇಲೆ ಪ್ರಯೋಗ ಮಾಡಿದರು. ಆದದ್ದು ತಿರುಗುಮುರುಗು. ಕೊಬ್ಬು ಪಡೆದ ಇಲಿಗಳನ್ನು ಕೊಲ್ಲಲು ಇನ್ನೂ ಹೆಚ್ಚು ಬುಪಿವಕೇನ್ ಬೇಕಾಯಿತು. ಇದು ಪ್ರಕಟವಾದದ್ದು 1998ರಲ್ಲಿ. 2003ರಲ್ಲಿ ನಾಯಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಹೃದಯ ನಿಂತು ಹತ್ತು ನಿಮಿಷದ ಮೇಲೆ ಲಿಪಿಡ್ ಪಡೆದ ಆರೂ ಬದುಕಿದವು. ಸಲೈನ್ ಪಡೆದ ಆರರಲ್ಲಿ ಒಂದೂ ಉಳಿಯಲಿಲ್ಲ.

ಮನುಷ್ಯರಲ್ಲಿ ಮೊದಲ ವರದಿ ಬಂದದ್ದು 2006ರಲ್ಲಿ, ನ್ಯೂಯಾರ್ಕಿನಿಂದ. ಭುಜದ ಶಸ್ತ್ರಚಿಕಿತ್ಸೆಗೆ ಬ್ಲಾಕ್ ಪಡೆದ 58 ವರ್ಷದ ವ್ಯಕ್ತಿಗೆ ಫಿಟ್ಸ್ ಬಂದು ಹೃದಯ ನಿಂತಿತು. ಇಪ್ಪತ್ತು ನಿಮಿಷದ ಪ್ರಯತ್ನ ಫಲಿಸದೆ ಹೃದಯ-ಶ್ವಾಸಕೋಶ ಯಂತ್ರಕ್ಕೆ ಜೋಡಿಸುವ ತಯಾರಿ ನಡೆದಿತ್ತು. ಆಗ 100 ಮಿ.ಲೀ. ಲಿಪಿಡ್ ಕೊಟ್ಟರು. ಹೃದಯ ಮತ್ತೆ ಬಡಿಯಿತು, ಅವರು ಮನೆಗೆ ಹೋದರು.

ಈಗ ಪದ್ಧತಿ ಹೀಗಿದೆ: 20 ಪರ್ಸೆಂಟಿನ ಲಿಪಿಡ್, ಕಿಲೋಗೆ 1.5 ಮಿ.ಲೀ. ಎರಡು ಮೂರು ನಿಮಿಷದಲ್ಲಿ, ಆಮೇಲೆ ನಿಮಿಷಕ್ಕೆ ಕಿಲೋಗೆ 0.25 ಮಿ.ಲೀ. ಒಟ್ಟು ಕಿಲೋಗೆ 12 ಮಿ.ಲೀ. ದಾಟಬಾರದು. ಅದಕ್ಕಿಂತ ಮೊದಲು ಉಸಿರು ನೋಡಿ. ಆಮ್ಲಜನಕ ಕಡಿಮೆಯಾಗಿ ಮೈ ಆಮ್ಲವಾದಷ್ಟೂ ಔಷಧ ಮಿದುಳಿನಲ್ಲಿ, ಹೃದಯದಲ್ಲಿ ಸಿಕ್ಕಿಬೀಳುತ್ತದೆ. ಅಡ್ರಿನಲಿನ್ ಕೊಡುವುದಾದರೆ ಎಂದಿನ ಒಂದು ಮಿ.ಗ್ರಾಂ. ಅಲ್ಲ, ಕಿಲೋಗೆ 1 ಮೈಕ್ರೊಗ್ರಾಂ ಅಥವಾ ಇನ್ನೂ ಕಡಿಮೆ. ಪ್ರಜ್ಞೆ ತಪ್ಪಿಸುವ ಪ್ರೊಪೊಫಾಲ್ ಕೂಡ ಬಿಳಿಯಾಗಿದೆ, ಅದರಲ್ಲೂ ಕೊಬ್ಬಿದೆ ಎಂದು ಅದನ್ನು ಬದಲಿಗೆ ಕೊಡಬೇಡಿ. ಅದರಲ್ಲಿ ಕೊಬ್ಬು ಸಾಲದು, ಹೃದಯವನ್ನು ಮಾತ್ರ ಇನ್ನಷ್ಟು ಕುಗ್ಗಿಸುತ್ತದೆ. ಕೊಬ್ಬಿನ ಹನಿಗಳು ಔಷಧವನ್ನು ಹೃದಯ, ಮಿದುಳಿನಿಂದ ಹೊತ್ತು ಸ್ನಾಯು, ಲಿವರ್‌ಗಳಿಗೆ ಸಾಗಿಸುತ್ತವೆ ಎಂಬುದು ಈಗಿನ ತಿಳಿವಳಿಕೆ. ಹೃದಯ ನಿಂತ ಇಂಥ ರೋಗಿಯ ಎದೆ ಒತ್ತುವುದನ್ನು ಬೇಗ ಬಿಡಬೇಡಿ. ನಾನು ನೋಡಿದ ಆ ರೋಗಿಗೆ ನಲವತ್ತು ನಿಮಿಷ ಒತ್ತಿದ್ದೇವೆ.

ಕಲಬುರಗಿ ಕಡೆಯ ತಾಲ್ಲೂಕು ವೈದ್ಯ — ಭಾನುವಾರ, ರಾತ್ರಿ 10:20

ಓದಿದ ಕೂಡಲೇ ಡ್ಯೂಟಿ ಸಿಸ್ಟರಿಗೆ ಫೋನ್ ಮಾಡಿ ನಮ್ಮ ಬಾಟಲಿಯ ಅವಧಿ ನೋಡಿಸಿದೆ. ಮುಗಿದು ನಾಲ್ಕು ತಿಂಗಳಾಗಿದೆ. ನಾಳೆ ಮೊದಲ ಕೆಲಸ ಅದು.

ಥಿಯೇಟರ್ ಸಿಸ್ಟರ್ — ಭಾನುವಾರ, ರಾತ್ರಿ 10:35

ಬಾಟಲಿ ಬೀರುವಿನಲ್ಲಿದ್ದು ಕೀಲಿ ಇನ್ಯಾರ ಹತ್ತಿರವೋ ಇದ್ದರೂ ಇಲ್ಲದ ಹಾಗೆಯೇ, ಸರ್. ನಮ್ಮಲ್ಲಿ ಬ್ಲಾಕ್ ಕೊಡುವ ಕೋಣೆಯಲ್ಲೇ, 50 ಮಿ.ಲೀ. ಸಿರಿಂಜ್, ದಪ್ಪ ಸೂಜಿ, ಪ್ರಮಾಣ ಬರೆದ ಕಾಗದದ ಜೊತೆ ಒಂದೇ ಡಬ್ಬಿಯಲ್ಲಿಟ್ಟಿದ್ದೇವೆ.

ತೆಂಗಿನಸೀಮೆಯ ಮಗಳು — ಮುಂದಿನ ಶನಿವಾರ, ಬೆಳಿಗ್ಗೆ 8:15

ಎಲ್ಲರಿಗೂ ತಿಳಿಸಬೇಕಿತ್ತು, ಎರಡು ದಿನ ತಡವಾಯಿತು, ಕ್ಷಮಿಸಿ.

ಮಂಗಳವಾರದ ಡಯಾಲಿಸಿಸ್ಸನ್ನು ಬುಧವಾರಕ್ಕೆ ಹಾಕಿಸಿಕೊಂಡೆ. ಪೊಟ್ಯಾಸಿಯಂ 4.6 ಇತ್ತು. ಗುರುವಾರ ಬೆಳಿಗ್ಗೆ ಅರಿವಳಿಕೆ ವೈದ್ಯರು ಬಂದಾಗ ಅಪ್ಪ ತಾವೇ ಹೇಳಲಿ ಎಂದು ನಾನು ಸುಮ್ಮನಿದ್ದೆ. ಅಪ್ಪ ಜೀರುಂಡೆಯಿಂದಲೇ ಶುರುಮಾಡಿದರು. ವೈದ್ಯರು ಚಿಕ್ಕ ವಯಸ್ಸಿನವರು. ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, ಎಷ್ಟು ಹೊತ್ತಿಗೆ ಬಂತು, ಯಾವುದು ಮೊದಲು ಬಂತು ಎಂದು ಕೇಳಿ ಕೇಸ್ ಶೀಟಿನಲ್ಲಿ ಬರೆದುಕೊಂಡರು. "ಸರಿಯಾಗಿ ಹೇಳಿದ್ದೀರಿ, ಯಜಮಾನರೇ. ಇವತ್ತೂ ಹಾಗೇನಾದರೂ ಅನಿಸಿದರೆ ಕೂಡಲೇ ಹೇಳಬೇಕು" ಎಂದರು. ಅಪ್ಪನ ಮುಖ ಅರಳಿದ್ದನ್ನು ನಾನು ನೋಡಿದೆ.

ಬುಪಿವಕೇನ್ ಬಿಟ್ಟು ಅರ್ಧ ಪರ್ಸೆಂಟಿನ ರೋಪಿವಕೇನ್ 18 ಮಿ.ಲೀ. ಕೊಟ್ಟರಂತೆ, ಅಂದರೆ 90 ಮಿ.ಗ್ರಾಂ. ಅಪ್ಪನ ತೂಕಕ್ಕೆ ಮಿತಿ 138 ಎಂದು ಆಮೇಲೆ ನಾನೇ ಲೆಕ್ಕ ಹಾಕಿದೆ. ಅಲ್ಟ್ರಾಸೌಂಡ್ ನೋಡಿಕೊಂಡು, ಸ್ವಲ್ಪ ಸ್ವಲ್ಪವೇ, ನಡುವೆ ಮಾತಾಡಿಸುತ್ತಾ. ನುಸಿಪೀಡೆಗೆ ಏನು ಮಾಡುತ್ತೀರಿ ಎಂದು ಕೇಳಿದರಂತೆ. ಅಪ್ಪನಿಗೆ ಅದು ಎರಡು ಗಂಟೆಯ ವಿಷಯ! ಕೊಟ್ಟು ಮುಗಿದ ಮೇಲೂ ಅರ್ಧ ಗಂಟೆ ಪಕ್ಕದಲ್ಲೇ ಇದ್ದರಂತೆ. ತುಟಿಗೂ ಏನೂ ಆಗಲಿಲ್ಲ, ಕಿವಿಗೂ ಏನೂ ಆಗಲಿಲ್ಲ.

ರಾತ್ರಿ ಒಂಬತ್ತರವರೆಗೆ ಕೈ ಮರದ ಕೊರಡಿನ ಹಾಗೆ ಬಿದ್ದಿತ್ತು. ದಿಂಬಿನ ಮೇಲಿಟ್ಟು ಕಾದೆವು. ಮೊದಲು ಕಿರುಬೆರಳು ಆಡಿತು. ಈಗ ಮಣಿಕಟ್ಟಿನ ಮೇಲೆ ಬೆರಳಿಟ್ಟರೆ ರಕ್ತ ಝುಂ ಎಂದು ಓಡುವುದು ತಿಳಿಯುತ್ತದೆ. ಅಪ್ಪ ಬಂದವರಿಗೆಲ್ಲ ಮುಟ್ಟಿ ನೋಡಿ ಎನ್ನುತ್ತಿದ್ದಾರೆ.

ಥಿಯೇಟರ್ ಸಿಸ್ಟರ್ — ಶನಿವಾರ, ಬೆಳಿಗ್ಗೆ 8:50

ತುಂಬ ಸಂತೋಷ, ತಂಗಿ. ಆ ಕೈಗೆ ಬಿಪಿ ಪಟ್ಟಿ ಕಟ್ಟಲು, ರಕ್ತ ತೆಗೆಯಲು ಯಾರಿಗೂ ಬಿಡಬೇಡಿ. ಯಾವ ಔಷಧ ಎಷ್ಟು ಕೊಟ್ಟರು ಎಂದು ಈ ಸಲ ಬರೆಸಿಕೊಂಡಿರಾ?

ತೆಂಗಿನಸೀಮೆಯ ಮಗಳು — ಶನಿವಾರ, ಬೆಳಿಗ್ಗೆ 9:05

ಬರೆಸಿಕೊಂಡೆ, ಅಕ್ಕ. ಔಷಧ, ಪ್ರಮಾಣ, ಹೊತ್ತು, ಮೂರು ವರ್ಷದ ಹಿಂದೆ ಆದದ್ದು, ಎಲ್ಲವೂ ಒಂದೇ ಚೀಟಿಯಲ್ಲಿದೆ. ಅಪ್ಪ ಅದನ್ನು ಮಡಿಸಿ ಆಧಾರ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡಿದ್ದಾರೆ.